ದಾರುಲ್ ಅರ್ಕಮ್: ಕೈ ಬದಲಾದ ಒಂದು ಮನೆಯ ಚರಿತ್ರೆ

ದಾರುಲ್ ಅರ್ಕಮ್ ಎಂಬ ಹೆಸರನ್ನು ಕೇಳದ ಮುಸ್ಲಿಮರು ವಿರಳ. ನಮ್ಮ ಎಷ್ಟೋ ಮದ್ರಸಗಳು ಆ ಹೆಸರನ್ನು ಹೊತ್ತಿವೆ. ಆ ಮನೆಯಲ್ಲಿ ಪ್ರವಾದಿ ಮುಹಮ್ಮದ್(ಸ)ರು ಗುಪ್ತವಾಗಿ ಬೋಧಿಸಿದ ದಿನಗಳ ಕುರಿತು ನಮ್ಮ ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಸಾಮಾನ್ಯವಾಗಿ ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಆ ಬಳಿಕ ಮನೆ ಯಾರ ಯಾರ ಪಾಲಾಯಿತು ಎಂಬುದು ಕೂಡ ಅರಿಯಬೇಕಾದ ಚರಿತ್ರೆಯೇ.

ಮನೆಯು ಮಕ್ಕಾದಲ್ಲಿ, ಸಫಾ ಗುಡ್ಡದ ಬುಡದಲ್ಲಿತ್ತು. ಅದರ ಒಡೆಯರಾದ ಅರ್ಕಮ್ ಬಿನ್ ಅಬಿಲ್ ಅರ್ಕಮ್(ರ) ಆಗಿನ್ನೂ ಎಳೆಯ ಪ್ರಾಯದವರು. ಇಸ್ಲಾಮ್ ಸ್ವೀಕರಿಸಿದ ಮೊದಲಿಗರಲ್ಲೊಬ್ಬರು. ಪ್ರವಾದಿವರ್ಯರ(ಸ) ಕಡುವೈರಿ ಅಬೂ ಜಹಲ್‌ನ ಮಖ್‌ಝೂಮ್ ಗೋತ್ರವೇ ಅವರದೂ. ಮುಸ್‌ಅಬ್ ಬಿನ್ ಉಮೈರ್(ರ) ಇಲ್ಲಿಯೇ ವಿಶ್ವಾಸಿಯಾದರು. ಅಮ್ಮಾರ್(ರ) ಮತ್ತು ಸುಹೈಬ್(ರ) ಬೇರೆ ಬೇರೆಯಾಗಿ ಬಂದು ಈ ಬಾಗಿಲಲ್ಲೇ ಪರಸ್ಪರ ಎದುರಾದರು.

ಮುಂದೆ ಅರ್ಕಮ್(ರ) ಮದೀನಾಕ್ಕೆ ಹಿಜ್‌ರಾ ಹೋದರು, ಬದ್ರ್‌ನಲ್ಲಿ ಪಾಲ್ಗೊಂಡರು. ಎಂಬತ್ತು ದಾಟಿದ ವಯಸ್ಸಿನಲ್ಲಿ, ಹಿಜ್‌ರಿ 55ರಲ್ಲಿ ಅಲ್ಲಿಯೇ ನಿಧನರಾದರು. ಮಕ್ಕಾದ ಮನೆಯನ್ನು ಅವರು ತಮ್ಮ ಸಂತತಿಯ ಹೆಸರಿನಲ್ಲಿ ಸದಕಾ ಆಗಿ, ಅಂದರೆ ನಾವಿಂದು ವಕ್ಫ್ ಎನ್ನುವ ರೀತಿಯಲ್ಲಿ, ಮೀಸಲಿಟ್ಟಿದ್ದರು. ಹರಮ್‌ನ ನೆಲದಲ್ಲಿರುವ ಈ ಮನೆಯನ್ನು ಮಾರತಕ್ಕದ್ದಲ್ಲ, ವಾರಸುದಾರರು ಹಂಚಿಕೊಳ್ಳತಕ್ಕದ್ದೂ ಅಲ್ಲ ಎಂದು ಪತ್ರ ಬರೆದು ಸಾಕ್ಷಿ ಹಾಕಿಸಿದ್ದರೆಂದು ಇಬ್ನು ಸಅದ್ 'ತಬಕಾತ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ಮಕ್ಕಳು, ಮೊಮ್ಮಕ್ಕಳು ಅದರಲ್ಲಿ ವಾಸಿಸಿದರು, ಬಾಡಿಗೆಯನ್ನೂ ಪಡೆದರು; ಮಾರಲಿಲ್ಲ. ಉಮಯ್ಯಾ ಆಳ್ವಿಕೆ ಮುಗಿದು ಅಬ್ಬಾಸಿಯರು ಬರುವ ತನಕವೂ ಹೀಗೆಯೇ ನಡೆಯಿತು.

ಆಗ ಅದರ ಮೇಲೆ ಕಣ್ಣು ಬಿದ್ದುದು ಖಲೀಫ ಅಬೂ ಜಅಫರ್ ಅಲ್ ಮನ್ಸೂರ್‌ರದು. ಅವರ ಮನಸ್ಸಿನಲ್ಲಿ ಆಸೆ ಮೂಡಿದ ದಿನವನ್ನೇ ಅರ್ಕಮ್‌ರ(ರ) ವಂಶಸ್ಥರಾದ ಯಹ್ಯಾ ಬಿನ್ ಇಮ್ರಾನ್ ನೆನಪಿಸಿಕೊಂಡಿದ್ದಾರೆ. ಅಂದು ಕುಟುಂಬದವರು ಮಾಳಿಗೆಯ ಮೇಲೆ ಡೇರೆ ಹಾಕಿ ಕುಳಿತಿದ್ದರು. ಹಜ್ಜ್‌ಗೆ ಬಂದಿದ್ದ ಖಲೀಫರು ಸಫಾ-ಮರ್ವಾಗಳ ನಡುವೆ ಸಈ ಮಾಡುತ್ತಾ, ಕೈ ಚಾಚಿದರೆ ಅವರ ತಲೆಯ ಟೋಪಿ ಎಟಕುವಷ್ಟು ಸಮೀಪದಲ್ಲಿ ಹಾದುಹೋದರು. ಕಣಿವೆಗಿಳಿದಲ್ಲಿಂದ ಸಫಾ ಏರುವವರೆಗೂ ಅವರ ನೋಟ ಈ ಮನೆಯ ಮೇಲೆಯೇ ಇತ್ತಂತೆ. ಸಈಯ ನಡುವೆಯೂ ಮನುಷ್ಯನ ಕಣ್ಣು ಎಲ್ಲಿ ನೆಟ್ಟಿರುತ್ತದೆ ನೋಡಿ!

ಹಿಜ್‌ರಿ 145ರಲ್ಲಿ (ಕ್ರಿ.ಶ. 762) ಪ್ರವಾದಿ(ಸ) ಕುಟುಂಬದ ಮುಹಮ್ಮದ್ ಅನ್ನಫ್ಸುಝ್ಝಕಿಯ್ಯಾ ಮದೀನಾದಲ್ಲಿ ಖಲೀಫರ ವಿರುದ್ಧ ಬಂಡೆದ್ದರು. ಅರ್ಕಮ್‌ರ(ರ) ಮೊಮ್ಮಗ ಅಬ್ದುಲ್ಲಾ ಬಿನ್ ಉಸ್ಮಾನ್ ಅವರ ಪಕ್ಷದಲ್ಲಿದ್ದರಾದರೂ ಹೋರಾಟಕ್ಕೆ ಇಳಿದಿರಲಿಲ್ಲ. ಮನ್ಸೂರ್‌ರಿಗೆ ಅಷ್ಟು ನೆಪವೇ ಸಾಕಾಯಿತು. ಎಂಬತ್ತು ಮೀರಿದ ಆ ವೃದ್ಧರನ್ನು ಬಂಧಿಸಿ ಸಂಕೋಲೆ ತೊಡಿಸಲಾಯಿತು. ಬಳಿಕ ಸೆರೆಮನೆಗೆ ಖಲೀಫರ ದೂತನೊಬ್ಬ ಬಂದು, ಮನೆಯನ್ನು ಮಾರಿದರೆ ಬಿಡುಗಡೆಯಾದೀತು ಎಂದ. ಅದು ಸದಕಾ ಆಸ್ತಿಯೆಂದೂ, ತಮ್ಮ ಹಕ್ಕನ್ನು ಮಾತ್ರ ಬಿಟ್ಟುಕೊಡಬಲ್ಲೆನೆಂದೂ, ಉಳಿದ ಪಾಲು ಸಹೋದರರದೆಂದೂ ವೃದ್ಧರು ಉತ್ತರಿಸಿದರು. ಅವರ ಸಹಿಯಷ್ಟೇ ಬೇಕಿತ್ತು. 17,000 ದೀನಾರ್‌ಗಳ ಲೆಕ್ಕದಲ್ಲಿ ಕ್ರಯಪತ್ರವಾಯಿತು. ದೂತ ನಂತರ ಸಹೋದರರ ಬಳಿ ಹೋದ. ಅವರಿಗೆ ಸಂಕೋಲೆ ಬೇಕಾಗಲಿಲ್ಲ. ಹಣದ ಮೊತ್ತ ಕಂಡೇ ಅವರು ಮಾರಿದರು.

ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ನೋವಿನ ಭಾಗ ಇದುವೇ. ವಕ್ಫ್ ಕೈತಪ್ಪಿದಾಗ ನಮ್ಮ ಮೊಹಲ್ಲಾಗಳಲ್ಲಿ ಹೊರಗಿನವರ ಕುರಿತೇ ಮಾತು ನಡೆಯುತ್ತದೆ. ಇಲ್ಲಿ ಒತ್ತಾಯಿಸಿದವರು ಮುಸ್ಲಿಮರ ಖಲೀಫರು, ಸುಲಭವಾಗಿ ಮಣಿದವರು ಸಹಾಬಿಯ ವಂಶಸ್ಥರು. ಬಂಧನದಲ್ಲಿದ್ದ ವೃದ್ಧರೊಬ್ಬರೇ ಪತ್ರದ ಷರತ್ತನ್ನು ನೆನಪಿಸಿದವರು.

ಮನ್ಸೂರ್‌ರ ಮಗ ಖಲೀಫ ಮಹ್ದಿ ಅದನ್ನು ಹಾರೂನ್ ರಶೀದರ ತಾಯಿ ಖೈಝುರಾನ್‌ರಿಗೆ ಕೊಟ್ಟರು. ಅವರು ಅದನ್ನು ಹೊಸದಾಗಿ ಕಟ್ಟಿಸಿದರು. ಜನರು ಅದನ್ನು ಅವರ ಹೆಸರಿನಿಂದಲೇ ಕರೆಯತೊಡಗಿದರು. ಅಲ್ಲೊಂದು ಮಸೀದಿ ಇದ್ದುದನ್ನು ಮಕ್ಕಾದ ಇತಿಹಾಸಕಾರ ಅಝ್ರಕಿ ಹೇಳಿದ್ದಾರೆ. ಅವರ ಬಳಿಕ ಮನೆ ಖಲೀಫ ಮೂಸಾ ಅಲ್ ಹಾದಿಯ ಮಗ ಜಅಫರ್‌ಗೆ ಸೇರಿತು. ಕೊನೆಗೆ ಅದರ ಬಹುಪಾಲನ್ನು ಗಸ್ಸಾನ್ ಬಿನ್ ಅಬ್ಬಾದ್ ಎಂಬವರು ಕ್ರಯಕ್ಕೆ ಪಡೆದರೆಂಬಲ್ಲಿಗೆ ಇಬ್ನು ಸಅದ್‌ರ ವೃತ್ತಾಂತ ಮುಗಿಯುತ್ತದೆ.

20ನೇ ಶತಮಾನದ ನಡುಭಾಗದಲ್ಲಿ ಮಸ್ಜಿದುಲ್ ಹರಾಮಿನ ವಿಸ್ತರಣೆಗಾಗಿ ಸಫಾದ ಸುತ್ತಲಿನ ಕಟ್ಟಡಗಳನ್ನು ತೆರವುಗೊಳಿಸಿದಾಗ ಆ ಸ್ಥಳದ ಕಟ್ಟಡವೂ ಹೋಯಿತು. ಅಂದು ಮನೆಯಿದ್ದ ಆಸುಪಾಸಿನಲ್ಲೇ ಇಂದು ಹಾಜಿಗಳು ಸಫಾ ಏರಿ ಸಈ ಆರಂಭಿಸುತ್ತಾರೆ.