ಗೃಹಸ್ಥ ಸಂಯಮದ ಪಾಠ: ರಾಮನಗರದ ಮಣಿಸರದಿಂದ ಗುರುಮಠದ ತರಗತಿಯವರೆಗೆ

ಗೃಹಸ್ಥಾಶ್ರಮವನ್ನು ತ್ಯಜಿಸಿದವರೇ ಗೃಹಸ್ಥರಿಗೆ ದಾಂಪತ್ಯಧರ್ಮವನ್ನು ಬೋಧಿಸಬೇಕಾದ ಪ್ರಸಂಗವು ಜೈನ ಸಮಾಜಕ್ಕೆ ಹೊಸದಲ್ಲ. ಮುನಿಮಹಾರಾಜರು ಮತ್ತು ಆರ್ಯಿಕಾ ಮಾತಾಜಿಯವರು ಚಾತುರ್ಮಾಸದ ಪ್ರವಚನಗಳಲ್ಲಿ ಶ್ರಾವಕ-ಶ್ರಾವಿಕೆಯರಿಗೆ ಬ್ರಹ್ಮಚರ್ಯಾಣುವ್ರತವನ್ನು ವಿವರಿಸುತ್ತ ಬಂದಿದ್ದಾರೆ. ಇದೇ ಪ್ರಸಂಗವು ಕೆಥೊಲಿಕ್ ಕ್ರೈಸ್ತರಲ್ಲಿಯೂ ಉಂಟು. ಅವರ ಗುರುಗಳು ಆಜೀವ ಅವಿವಾಹಿತರು. ಆದರೆ ವಿವಾಹಕ್ಕೆ ಸಿದ್ಧರಾದ ತರುಣ-ತರುಣಿಯರಿಗೆ ತಿಳಿವಳಿಕೆ ನೀಡುವ ಹೊಣೆ ಅವರದೇ ಆಗಿದೆ. ಹೀಗಿರುವಾಗ ಆ ಬೋಧಕನಿಗೆ ಏನು ತಿಳಿದಿರಬೇಕು, ಅದನ್ನು ಅವನು ಯಾರಿಂದ ಕಲಿಯಬೇಕು ಎಂಬ ಪ್ರಶ್ನೆ ಏಳುತ್ತದೆ. ಸುಮಾರು ಒಂದು ಶತಮಾನದಿಂದ ಕೆಥೊಲಿಕ್ ಧರ್ಮಸಭೆಯು ಈ ಪ್ರಶ್ನೆಯೊಂದಿಗೆ ಸೆಣಸುತ್ತಿದೆ. ಆ ಇತಿಹಾಸದ ಒಂದು ಮಹತ್ವದ ಅಧ್ಯಾಯವು ಕರ್ನಾಟಕದಲ್ಲಿಯೇ ನಡೆಯಿತೆಂಬುದು ಬಹಳ ಜನರಿಗೆ ತಿಳಿದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶ್ರಾವಕ ಕುಟುಂಬಗಳಿಗೂ ಅದರಿಂದ ಕಲಿಯುವುದಿದೆ.

ಒಂದೇ ವರ್ಷದ ಮೂರು ನಿರ್ಣಯಗಳು

1930ನೆಯ ವರ್ಷವು ಈ ವಿಷಯದಲ್ಲಿ ಸ್ಮರಣೀಯವಾದುದು. ಆ ವರ್ಷದ ಜೂನ್ ತಿಂಗಳಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಜಗತ್ತಿನಲ್ಲಿ ಒಂದು ಸರ್ಕಾರವೇ ಇಂಥ ಕಾರ್ಯಕ್ಕೆ ಮುಂದಾದ ಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ. ಜಮಖಂಡಿ ಮತ್ತು ಮುಧೋಳಗಳು ಆಗ ಬೇರೆ ಸಂಸ್ಥಾನಗಳಾಗಿದ್ದವು. ಬೀಳಗಿಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಆದ್ದರಿಂದ ಮೈಸೂರಿನ ಆಜ್ಞೆ ಈ ಭಾಗಕ್ಕೆ ಅನ್ವಯಿಸಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಸೇರಿದ ಆಂಗ್ಲಿಕನ್ ಧರ್ಮಾಧ್ಯಕ್ಷರು, ಕೆಲವು ಸಂದರ್ಭಗಳಲ್ಲಿ ದಂಪತಿಗಳು ಕೃತಕ ಸಾಧನಗಳನ್ನು ಬಳಸಬಹುದೆಂದು ಒಪ್ಪಿದರು. ಡಿಸೆಂಬರ್ 31ರಂದು ರೋಮಿನಿಂದ ಪೋಪ್ ಹನ್ನೊಂದನೆಯ ಪಿಯುಸ್ ಅವರು ಪತ್ರವೊಂದನ್ನು ಹೊರಡಿಸಿ ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದರು. ಆದರೆ ಪ್ರಕೃತಿಸಹಜವಾಗಿ ಗರ್ಭ ನಿಲ್ಲದ ಕಾಲದಲ್ಲಿ ದಂಪತಿಗಳು ಕೂಡುವುದು ದೋಷವಲ್ಲವೆಂಬ ಅರ್ಥವೂ ಆ ಪತ್ರದಲ್ಲಿತ್ತು. ಆ ಹೊತ್ತಿಗಾಗಲೇ ಜಪಾನಿನ ವೈದ್ಯ ಒಗಿನೋ ಮತ್ತು ಆಸ್ಟ್ರಿಯಾದ ವೈದ್ಯ ಕ್ನೌಸ್ ಅವರು, ಸ್ತ್ರೀಯ ಅಂಡವು ಮುಂದಿನ ಮುಟ್ಟಿಗೆ ಸುಮಾರು 14 ದಿನಗಳ ಮೊದಲು ಬಿಡುಗಡೆಯಾಗುತ್ತದೆಂದು ಬೇರೆಬೇರೆಯಾಗಿಯೇ ಕಂಡುಕೊಂಡಿದ್ದರು. ಈ ಲೆಕ್ಕದಿಂದ ‘ಸುರಕ್ಷಿತ ದಿನ’ಗಳ ಕಲ್ಪನೆ ಹುಟ್ಟಿತು. 1951ರ ಅಕ್ಟೋಬರ್‌ನಲ್ಲಿ ಹನ್ನೆರಡನೆಯ ಪಿಯುಸ್ ಅವರು ಇಟಲಿಯ ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತನಾಡುತ್ತ, ಗಂಭೀರ ಕಾರಣವಿದ್ದಲ್ಲಿ ಈ ಕ್ರಮವನ್ನು ಅನುಸರಿಸಬಹುದೆಂದು ಸ್ಪಷ್ಟಪಡಿಸಿದರು.

ರಾಮನಗರದ ಪ್ರಯೋಗ

ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿಣಿ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ಶಿಷ್ಯೆ. ಗಾಂಧೀಜಿಯವರ ಬ್ರಹ್ಮಚರ್ಯ ವಿಚಾರದ ಮೇಲೆ ಜೈನ ವ್ಯಾಪಾರಿಯೂ ತತ್ತ್ವಜ್ಞಾನಿಯೂ ಆಗಿದ್ದ ಶ್ರೀಮದ್ ರಾಜಚಂದ್ರರ ಪ್ರಭಾವವಿದ್ದುದನ್ನು ಸ್ವತಃ ಗಾಂಧೀಜಿಯವರೇ ಒಪ್ಪಿಕೊಂಡಿದ್ದಾರೆ. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದಾಗಲೂ ಅವರು ಕೃತಕ ಸಾಧನಗಳನ್ನು ಒಪ್ಪಲಿಲ್ಲ. ಸುರಕ್ಷಿತ ದಿನಗಳ ಕ್ರಮದಲ್ಲಿ ಮಾತ್ರ ತುಸುವಾದರೂ ಸಂಯಮದ ಅಂಶವಿದೆಯೆಂದು ಕಂಡರು. ಈ ಹಿನ್ನೆಲೆಯುಳ್ಳ ಆರೋಗ್ಯ ಮಂತ್ರಿಣಿಯವರು ನೈಸರ್ಗಿಕ ಕ್ರಮವನ್ನೇ ಮೊದಲು ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದರು. 1951ರ ಕೊನೆಯಲ್ಲಿ ನ್ಯೂಯಾರ್ಕಿನ ಡಾ. ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ದಿಲ್ಲಿಯ ಲೋದಿ ಕಾಲನಿ ಮತ್ತು ಮೈಸೂರು ರಾಜ್ಯದ ರಾಮನಗರ ಪ್ರಯೋಗಕ್ಕೆ ಆಯ್ಕೆಯಾದವು.

ಓದುಬರಹ ತಿಳಿಯದ ಸ್ತ್ರೀಯರು ದಿನಗಳನ್ನು ಎಣಿಸಲೆಂದು ಬಣ್ಣಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಹಸಿರು ಮಣಿಯಿದ್ದರೆ ಸುರಕ್ಷಿತ ದಿನ, ಕೆಂಪು ಮಣಿಯಿದ್ದರೆ ಸಂಯಮದ ದಿನ. ಕತ್ತಲಲ್ಲಿ ಬಣ್ಣ ತಿಳಿಯದೆಂದು ಮಣಿಗಳ ಆಕಾರವನ್ನು ಬದಲಿಸಲಾಯಿತು. ಹಿಂದುಮುಂದಾಗಿ ಸರಿಸುತ್ತಾರೆಂದು ಸರಕ್ಕೆ ತಡೆಯನ್ನು ಹಾಕಲಾಯಿತು. ಮಣಿಯನ್ನು ಸರಿಸಿದರೆ ಸಾಕು, ಅದೇ ತಾಯಿತದಂತೆ ಕಾಯುತ್ತದೆಂದು ನಂಬಿದವರೂ ಇದ್ದರು. ಕಲಿಯಲು ಆಸಕ್ತಿ ತೋರಿದವರು ಬಹಳ. ನಿಷ್ಠೆಯಿಂದ ಮುಂದುವರಿಸಿದವರು ಕೆಲವರೇ. ಅನೇಕ ಸ್ತ್ರೀಯರ ಋತುಚಕ್ರವೂ ಕ್ರಮಬದ್ಧವಾಗಿರಲಿಲ್ಲ.

ಪ್ರಯೋಗವು ನಿರೀಕ್ಷಿತ ಫಲ ಕೊಡಲಿಲ್ಲ. ಇದರ ಹೊಣೆಯನ್ನು ಹಳ್ಳಿಯ ಹೆಣ್ಣುಮಕ್ಕಳ ಅಜ್ಞಾನದ ಮೇಲೆ ಹೊರಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಸರವು ಹೆಂಡತಿಯ ಕೈಯಲ್ಲಿತ್ತು, ಆದರೆ ಆ ರಾತ್ರಿಯ ನಿರ್ಣಯವು ಬಹುಮಟ್ಟಿಗೆ ಗಂಡನ ಕೈಯಲ್ಲಿತ್ತು. ಕೆಂಪು ಮಣಿಯನ್ನು ತೋರಿಸಿ ‘ಇಂದು ಬೇಡ’ ಎನ್ನುವ ಅಧಿಕಾರವನ್ನು ಯಾವ ಮಣಿಸರವೂ ಆಕೆಗೆ ಕೊಡಲಾರದು. ಸಂಯಮವು ಇಬ್ಬರ ವ್ರತವಾಗಬೇಕಾದಲ್ಲಿ ಒಬ್ಬಳ ಲೆಕ್ಕವಾಗಿ ಉಳಿದುದೇ ಇಲ್ಲಿಯ ಮುಖ್ಯ ಕೊರತೆ. ಇತ್ತ ಜಿನೀವಾದಲ್ಲಿ, 1952ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಜನಸಂಖ್ಯೆಯ ವಿಷಯಕ್ಕೆ ಕೈಹಾಕಬಾರದೆಂದು ಕೆಥೊಲಿಕ್ ಬಹುಸಂಖ್ಯಾತ ರಾಷ್ಟ್ರಗಳ ಪ್ರತಿನಿಧಿಗಳು ಪ್ರಬಲವಾಗಿ ವಿರೋಧಿಸಿದರು. ಅವರ ಧರ್ಮವೇ ಒಪ್ಪಿದ್ದ ಕ್ರಮದ ಪರೀಕ್ಷೆಯು ರಾಮನಗರದಲ್ಲಿ ಆರಂಭವಾಗಿದ್ದ ಕಾಲವದು.

ಗುರುಮಠಗಳಲ್ಲಿ ಬದಲಾದ ಪಾಠ

ಕೆಥೊಲಿಕ್ ಗುರುಗಳಾಗುವವರು ಸೆಮಿನರಿ ಅಥವಾ ಗುರುಮಠದಲ್ಲಿ ದೀರ್ಘಕಾಲ ಅಭ್ಯಾಸ ಮಾಡುತ್ತಾರೆ. 1983ರ ಧರ್ಮಸಭೆಯ ಕಾನೂನಿನಂತೆ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳಿಗೇ ಪೂರ್ಣ ಆರು ವರ್ಷಗಳು ಬೇಕು. ಕರ್ನಾಟಕದಲ್ಲಿ ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠವು 1879ರಲ್ಲಿ ಆರಂಭವಾಯಿತು. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠವು 1778ರಲ್ಲಿ ಪುದುಚೇರಿಯಲ್ಲಿ ಹುಟ್ಟಿ 1934ರಲ್ಲಿ ಬೆಂಗಳೂರಿಗೆ ಬಂದಿತು. ಹಳೆಯ ಪದ್ಧತಿಯ ಗುರುಮಠಗಳಲ್ಲಿ ದಾಂಪತ್ಯದ ವಿಷಯವು ಮುಖ್ಯವಾಗಿ ಪಾಪನಿವೇದನೆಯನ್ನು ಕೇಳುವ ಗುರುವಿಗೆ ಬೇಕಾದ ನಿಯಮಗಳ ರೂಪದಲ್ಲಿ ಬರುತ್ತಿತ್ತು: ಯಾವುದು ದೋಷ, ಯಾವುದು ಅಲ್ಲ ಎಂಬ ವಿಂಗಡಣೆ. ಮನೆಯೊಳಗಿನ ಬಾಳು ಹೇಗಿರುತ್ತದೆಂಬ ತಿಳಿವಳಿಕೆಗೆ ಅಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ.

ಈ ಅಂತರವು 1960ರ ದಶಕದಲ್ಲಿ ಬಯಲಾಯಿತು. ಸಂತಾನ ನಿಯಂತ್ರಣದ ಬಗ್ಗೆ ಪೋಪರಿಗೆ ಸಲಹೆ ನೀಡಲು ನೇಮಕವಾದ ಆಯೋಗದಲ್ಲಿ ಗೃಹಸ್ಥರಿಗೂ ಸ್ಥಾನ ದೊರಕಿತು. ಶಿಕಾಗೋದ ಪ್ಯಾಟ್ರಿಕ್ ಮತ್ತು ಪ್ಯಾಟಿ ಕ್ರೌಲಿ ದಂಪತಿಗಳು ಶ್ರದ್ಧಾವಂತ ಕೆಥೊಲಿಕ್ ಕುಟುಂಬಗಳಿಂದ ಪತ್ರಗಳನ್ನು ತರಿಸಿ ಆಯೋಗದ ಮುಂದಿಟ್ಟರು. ಸುರಕ್ಷಿತ ದಿನಗಳ ಲೆಕ್ಕವು ತಮ್ಮ ಸಂಸಾರದಲ್ಲಿ ತಂದ ಭಯ, ಮುನಿಸು, ಆಯಾಸಗಳನ್ನು ಅನೇಕರು ಅವುಗಳಲ್ಲಿ ಬರೆದಿದ್ದರು. ಆಯೋಗದ ಬಹುಮತವು ಬದಲಾವಣೆಯ ಪರವಾಗಿತ್ತು. ಆದರೂ 1968ರ ಜುಲೈನಲ್ಲಿ ಪೋಪ್ ಆರನೆಯ ಪೌಲರು ಹಳೆಯ ನಿಷೇಧವನ್ನೇ ದೃಢಪಡಿಸಿ, ನೈಸರ್ಗಿಕ ಕ್ರಮವನ್ನು ಮಾತ್ರ ಒಪ್ಪಿದರು.

ನಿರ್ಣಯವು ಕಠಿಣವಾದ್ದರಿಂದ ಅದನ್ನು ಕಲಿಸುವವರ ಶಿಕ್ಷಣವೂ ಗಂಭೀರವಾಗಬೇಕಾಯಿತು. ಗುರು ಅಭ್ಯರ್ಥಿಗಳು ವಿವಾಹದ ಕರ್ತವ್ಯ ಮತ್ತು ಘನತೆಗಳನ್ನು ಚೆನ್ನಾಗಿ ಅರಿತಿರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಹೇಳಿತ್ತು. 1981ರಲ್ಲಿ ಎರಡನೆಯ ಜಾನ್ ಪೌಲರು, ನೈಸರ್ಗಿಕ ಕ್ರಮದ ಜ್ಞಾನವನ್ನು ದಂಪತಿಗಳು, ವೈದ್ಯರು ಮತ್ತು ತಜ್ಞರು ಕಲಿಸಬೇಕೆಂದರು. ಗುರುಗಳಿಗಿಂತ ಮೊದಲು ದಂಪತಿಗಳ ಹೆಸರು ಬಂದುದು ಗಮನಾರ್ಹ. 1995ರ ಮಾರ್ಚ್ 19ರಂದು ರೋಮಿನ ಶಿಕ್ಷಣ ವಿಭಾಗವು ವಿವಾಹ ಮತ್ತು ಕುಟುಂಬದ ಸಮಸ್ಯೆಗಳ ಕುರಿತು ಗುರು ಅಭ್ಯರ್ಥಿಗಳ ತರಬೇತಿಗಾಗಿಯೇ ಪ್ರತ್ಯೇಕ ನಿರ್ದೇಶನಗಳನ್ನು ಹೊರಡಿಸಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಇನ್ನೂ ಮುಂದೆ ಹೋಗಿ, ಕುಟುಂಬಗಳ ಜಟಿಲ ಸಮಸ್ಯೆಗಳನ್ನು ಎದುರಿಸುವ ತರಬೇತಿಯು ಗುರುಗಳಲ್ಲಿ ಹಲವು ಸಲ ಸಾಲದೆಂದು ಒಪ್ಪಿಕೊಂಡರು. ಗುರುಮಠದ ಶಿಕ್ಷಣದಲ್ಲಿ ಕುಟುಂಬಗಳ, ವಿಶೇಷವಾಗಿ ಸ್ತ್ರೀಯರ, ಸಾನ್ನಿಧ್ಯ ಇರಬೇಕೆಂದರು. ವಿರಕ್ತನು ಗೃಹಸ್ಥರಿಂದ ಕಲಿಯಬೇಕೆಂಬ ಮಾತನ್ನು ಪೀಠದಿಂದಲೇ ಹೇಳಲು ಅಷ್ಟು ಕಾಲ ಹಿಡಿಯಿತು.

ಚಂದ್ರನ ತಿಥಿ, ದೇಹದ ತಿಥಿ

ಜೈನಾಚಾರದಲ್ಲಿ ಗೃಹಸ್ಥನ ಬ್ರಹ್ಮಚರ್ಯವೆಂದರೆ ಸ್ವದಾರಸಂತೋಷ. ತತ್ತ್ವಾರ್ಥಸೂತ್ರವು ಈ ಅಣುವ್ರತದ ಅತಿಚಾರಗಳಲ್ಲಿ ಕಾಮತೀವ್ರಾಭಿನಿವೇಶವನ್ನೂ ಎಣಿಸಿದೆ; ಎಂದರೆ ವಿವಾಹವಾಯಿತೆಂಬ ಕಾರಣಕ್ಕೆ ಅತಿಯಾದ ಆಸಕ್ತಿಯು ನಿರ್ದೋಷವಾಗುವುದಿಲ್ಲ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳಲ್ಲಿ ದಂಪತಿಗಳು ಸಂಯಮದಿಂದಿರುವ ರೂಢಿಯೂ ಇದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಪರ್ವದಿನಗಳ ಸಂಯಮವು ಚಂದ್ರನ ತಿಥಿಯನ್ನು ಅನುಸರಿಸುತ್ತದೆ. ಗರ್ಭಧಾರಣೆಯು ಸ್ತ್ರೀದೇಹದ ತಿಥಿಯನ್ನು ಅನುಸರಿಸುತ್ತದೆ. ಒಂದನ್ನು ಪಾಲಿಸಿದ ಮಾತ್ರಕ್ಕೆ ಇನ್ನೊಂದು ಸಾಧಿಸುವುದಿಲ್ಲ. ಒಂದರ ಗುರಿ ಆತ್ಮಶುದ್ಧಿ, ಇನ್ನೊಂದರ ಗುರಿ ಹೆರಿಗೆಗಳ ಅಂತರ. ರಾಮನಗರದ ಮಣಿಸರವು ಅರ್ಧ ಶತಮಾನದ ನಂತರ ಹೊಸ ರೂಪದಲ್ಲಿ ಮರಳಿ ಬಂದು, ಭಾರತದಲ್ಲಿ ‘ಮಾಲಾಚಕ್ರ’ವೆಂಬ ಹೆಸರು ಪಡೆಯಿತು. ಅದು ಋತುಚಕ್ರವು 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ. 8ನೆಯ ದಿನದಿಂದ 19ನೆಯ ದಿನದವರೆಗೆ ಸಂಯಮ ಬೇಕು. 2002ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಒಂದು ವರ್ಷದಲ್ಲಿ ತಪ್ಪದೆ ಪಾಲಿಸಿದ 100 ಸ್ತ್ರೀಯರಲ್ಲಿ ಸುಮಾರು 5 ಜನ ಗರ್ಭಿಣಿಯರಾದರು. ಸಾಮಾನ್ಯ ರೀತಿಯ ಪಾಲನೆಯಲ್ಲಿ ಸುಮಾರು 12 ಜನ. ಚಕ್ರವು ಕ್ರಮಬದ್ಧವಲ್ಲದವರು, ಇತ್ತೀಚೆಗೆ ಹೆತ್ತವರು ಇದನ್ನು ನೆಚ್ಚಲಾಗದು. ಅವರು ವೈದ್ಯರ ಸಲಹೆ ಪಡೆಯುವುದೇ ಯೋಗ್ಯ.

ಧರ್ಮಸಂಸ್ಥೆಗಳ ಕರ್ತವ್ಯ

ಕರ್ನಾಟಕದಲ್ಲಿ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರೆಂದೂ, ಪುರುಷರ ಪಾಲು ಇಲ್ಲವೆನ್ನುವಷ್ಟು ಅಲ್ಪವೆಂದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತೋರಿಸಿದೆ. ಪುರುಷರ ಶಸ್ತ್ರಚಿಕಿತ್ಸೆಯೇ ಹೆಚ್ಚು ಸರಳವಾದುದೆಂಬುದು ವೈದ್ಯರ ಮಾತು. ಆದರೂ ಭಾರವೆಲ್ಲ ಹೆಂಡತಿಯ ದೇಹದ ಮೇಲೆಯೇ ಬಿದ್ದಿದೆ. ಅಹಿಂಸೆಯನ್ನು ಪರಮಧರ್ಮವೆನ್ನುವ ಕುಟುಂಬಗಳು ಈ ಅಸಮತೆಯನ್ನು ವಿಚಾರಿಸದೆ ಬಿಡಲಾಗದು.

ಮಗನಿಗೆ ವ್ಯಾಪಾರದ ಲೆಕ್ಕಪತ್ರವನ್ನು ವರ್ಷಗಟ್ಟಲೆ ಕಲಿಸುವ ಮನೆತನವು ದಾಂಪತ್ಯದ ವಿಷಯದಲ್ಲಿ ಒಂದು ಮಾತನ್ನೂ ಆಡದೆ ಅವನನ್ನು ಮಂಟಪಕ್ಕೆ ಕರೆದೊಯ್ಯುತ್ತದೆ. ಕೆಥೊಲಿಕರಲ್ಲಿ ವಿವಾಹಪೂರ್ವ ಸಿದ್ಧತೆಯು ಧರ್ಮಕೇಂದ್ರದ ಗುರುವಿನ ಕಾನೂನುಬದ್ಧ ಕರ್ತವ್ಯ. ಬಸದಿಗಳ ಟ್ರಸ್ಟುಗಳೂ ನಿಶ್ಚಿತಾರ್ಥವಾದ ವಧೂವರರಿಗಾಗಿ ವರ್ಷಕ್ಕೆ ಎರಡು ಸಲವಾದರೂ ಒಂದು ದಿನದ ಶಿಬಿರ ನಡೆಸುವುದು ಅಸಾಧ್ಯವಲ್ಲ. ಅಲ್ಲಿ ವ್ರತದ ಅರ್ಥವನ್ನು ತ್ಯಾಗಿಗಳು ಹೇಳಲಿ. ದೇಹದ ವಿಚಾರವನ್ನು ವೈದ್ಯರು, ಸಾಧ್ಯವಾದಲ್ಲಿ ಸ್ತ್ರೀ ವೈದ್ಯರು ತಿಳಿಸಲಿ. ಒಟ್ಟಿಗೆ ಬಾಳುವ ಬಗೆಯನ್ನು ಅನುಭವಿ ದಂಪತಿಗಳು ವಿವರಿಸಲಿ. ವರನೂ ಕುಳಿತು ಕೇಳಲಿ.

ಶ್ರಾವಿಕೆಯು ಧರ್ಮವಿಷಯದಲ್ಲಿ ಮುಂದಾಳಾಗುವುದು ಈ ನೆಲಕ್ಕೆ ಅಪರಿಚಿತವಲ್ಲ. ಮುಧೋಳದ ಬಳೆಗಾರ ಕುಲದ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಅತ್ತಿಮಬ್ಬೆಯ ಆಶ್ರಯದಲ್ಲಿ. ಪತಿ ನಾಗದೇವನು ತೀರಿಕೊಂಡಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆಯು ಸಹಗಮನ ಮಾಡಿದಳು; ಅತ್ತಿಮಬ್ಬೆಯು ಮಗನನ್ನು ಬೆಳೆಸುತ್ತ ವ್ರತನಿಷ್ಠೆಯಿಂದ ಬದುಕುವುದನ್ನು ಆರಿಸಿಕೊಂಡಳು. ಮಹಾಕವಿಯೇ ಒಬ್ಬ ಗೃಹಿಣಿಯ ಬಾಳಿನಲ್ಲಿ ಧರ್ಮವನ್ನು ಕಂಡನೆಂದ ಮೇಲೆ, ಮದುವೆಯಾಗಲಿರುವ ಹುಡುಗ-ಹುಡುಗಿಯರಿಗೆ ನಾಲ್ಕು ಮಾತು ಹೇಳಲು ಅನುಭವಿ ಶ್ರಾವಿಕೆಯರನ್ನು ಆಮಂತ್ರಿಸಲು ಟ್ರಸ್ಟುಗಳು ಸಂಕೋಚಪಡಬೇಕಾಗಿಲ್ಲ. ಬರುವ ಲಗ್ನಸರಾಯಿಗೆ ಮುನ್ನವೇ ಈ ಕಾರ್ಯ ಆರಂಭವಾಗಲಿ.