ಮುಚ್ಚಿದ ಬಾಗಿಲೂ ಗುರುವಿನ ಮಾನವೂ

ಉಪಾಧ್ಯಾಯರೊಬ್ಬರ ಮೇಲೆ ದೂರು ಬಂದರೆ ಅದರ ವಿಚಾರಣೆ ನಾಲ್ಕು ಗೋಡೆಗಳ ನಡುವೆ ನಡೆಯಬೇಕೇ, ನಾಲ್ಕು ಜನರೆದುರು ನಡೆಯಬೇಕೇ? ಮಕ್ಕಳನ್ನು ಶಾಲೆಗೆ ಕಳುಹಿಸುವ ನಮ್ಮೆಲ್ಲರಿಗೂ ಸಂಬಂಧಿಸಿದ ಈ ಪ್ರಶ್ನೆಯ ಮೇಲೆ ಕಲ್ಕತ್ತೆಯ ಹಳೆಯ ಪ್ರಕರಣವೊಂದು ಬೆಳಕು ಚೆಲ್ಲುತ್ತದೆ.

1817ರಲ್ಲಿ ಸ್ಥಾಪನೆಯಾದ ಅಲ್ಲಿನ ಹಿಂದೂ ಕಾಲೇಜಿಗೆ ಹೆನ್ರಿ ಡಿರೋಜಿಯೊ ಇಪ್ಪತ್ತು ತುಂಬುವ ಮೊದಲೇ ಅಧ್ಯಾಪಕರಾಗಿ ಬಂದರು. ಯಾವುದನ್ನೂ ವಿಚಾರಿಸದೆ ಒಪ್ಪಬಾರದೆಂಬುದು ಅವರ ಪಾಠದ ತಿರುಳು. ಶಿಷ್ಯರಲ್ಲಿ ಕೆಲವರು ಮಡಿ-ಆಚಾರಗಳನ್ನು ಬಹಿರಂಗವಾಗಿ ಮೀರತೊಡಗಿದರು. ಊರಲ್ಲಿ ಗುಲ್ಲೆದ್ದಿತು, ಕೆಲವು ತಂದೆತಾಯಿಗಳು ಮಕ್ಕಳನ್ನು ಕಾಲೇಜು ಬಿಡಿಸಿದರು.

1831ರ ಏಪ್ರಿಲ್ 23ರಂದು ಆಡಳಿತ ಸಮಿತಿ ಸೇರಿತು. ಡಿರೋಜಿಯೊ ಅವರಿಗೆ ಕರೆ ಹೋಗಲಿಲ್ಲ. ಅವರು ಬೋಧನೆಗೆ ಅಯೋಗ್ಯರೇ ಎಂಬ ಪ್ರಶ್ನೆಗೆ ಹೌದೆನ್ನಲು ಬಹುಮತವಿರಲಿಲ್ಲ. ಆದರೂ ಜನರ ಅಸಮಾಧಾನವನ್ನು ಗಮನಿಸಿ ಅವರನ್ನು ತೆಗೆಯುವುದೇ ಲೇಸೆಂದು ನಿರ್ಣಯವಾಯಿತು. ಈ ಎರಡನೆಯ ಪ್ರಶ್ನೆಯಲ್ಲಿ ಎಚ್. ಎಚ್. ವಿಲ್ಸನ್ ಮತ್ತು ಡೇವಿಡ್ ಹೇರ್ ಮತ ನೀಡಲಿಲ್ಲ.

ಏಪ್ರಿಲ್ 25ರಂದು ಡಿರೋಜಿಯೊ ರಾಜೀನಾಮೆಯಿತ್ತರು. ಆರೋಪವೇನೆಂದು ತಮಗೆ ತಿಳಿಸಲಿಲ್ಲ, ಸಾಕ್ಷಿಗಳನ್ನು ವಿಚಾರಿಸಲಿಲ್ಲ, ಉತ್ತರಿಸಲು ಅವಕಾಶ ಕೊಡಲಿಲ್ಲವೆಂದು ಅದರಲ್ಲಿ ಆಕ್ಷೇಪಿಸಿದರು. ದೇವರಲ್ಲಿ ನಂಬಿಕೆಯಿದೆಯೇ, ಹೆತ್ತವರಿಗೆ ವಿಧೇಯತೆ ಬೇಡವೆನ್ನುತ್ತೀರಾ ಎಂದು ವಿಲ್ಸನ್ ಕೇಳಿದ್ದು ತೀರ್ಮಾನವಾದ ಮೇಲೆ! ದೇವರ ವಿಷಯದಲ್ಲಿ ಎರಡೂ ಪಕ್ಷಗಳ ವಾದವನ್ನು ವಿದ್ಯಾರ್ಥಿಗಳ ಮುಂದಿಟ್ಟೆನೆಂದು ಡಿರೋಜಿಯೊ ಮರುದಿನ ಉತ್ತರ ಬರೆದರು. ಅದೇ ಡಿಸೆಂಬರ್ 26ರಂದು, 22ನೆಯ ವಯಸ್ಸಿನಲ್ಲಿ, ಕಾಲರಾಕ್ಕೆ ತುತ್ತಾದರು.

ಹಾಗಾದರೆ ಬಾಗಿಲು ತೆರೆದಿದ್ದರೆ ನ್ಯಾಯ ಸಿಗುತ್ತಿತ್ತೇ? ಹಾಗೆ ಹೇಳಲು ನಾವು ಹಿಂಜರಿಯುತ್ತೇವೆ. ಸಮಿತಿ ಅಂಜಿದ್ದೇ ಹೊರಗಿನ ಗುಂಪಿಗೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನೂರಾರು ನಾಗರಿಕರು ಬಹಿರಂಗವಾಗಿಯೇ ಕುಳಿತು ಸಾಕ್ರೆಟೀಸನಿಗೆ ವಿಷ ವಿಧಿಸಿದರಲ್ಲವೇ? ದೂರು ಕೊಟ್ಟ ಎಳೆಯ ಮಗುವನ್ನು ಜನರೆದುರು ನಿಲ್ಲಿಸುವುದಂತೂ ಕ್ರೌರ್ಯ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿಚಾರಣೆ ಗೋಪ್ಯವಾಗಿ ನಡೆಯಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸಿರುವುದು ಇದಕ್ಕಾಗಿಯೇ.

ಆದುದರಿಂದ ಬಾಗಿಲಿಗಿಂತ ಮುಖ್ಯವಾದುದು ಒಳಗಿನ ನಡವಳಿಕೆ. ಆರೋಪ ತಿಳಿಸದೆ, ಅಹವಾಲು ಕೇಳದೆ ಸರಕಾರಿ ನೌಕರನನ್ನು ವಜಾ ಮಾಡಲಾಗದೆಂಬುದು ನಮ್ಮ ಸಂವಿಧಾನದ 311ನೆಯ ವಿಧಿಯ ಸಾಮಾನ್ಯ ನಿಯಮ. ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆಯ ಶಿಕ್ಷಕರೂ ವಜಾ ಆದೇಶದ ವಿರುದ್ಧ ಶಾಲಾ ನ್ಯಾಯಮಂಡಳಿಗೆ ಹೋಗಬಹುದು. 1977ರ ಕಾಯ್ದೆಯ ಕೊಡುಗೆ ಅದು.

ಮಗುವಿನ ಹೆಸರು ಗುಟ್ಟಾಗಿರಲಿ. ತೀರ್ಮಾನ ಮತ್ತು ಅದರ ಕಾರಣ ಮಾತ್ರ ಎಲ್ಲರಿಗೂ ತಿಳಿಯಲಿ. ಕಾರಣ ಹೇಳದ ತೀರ್ಪಿನಿಂದ ತಪ್ಪಿತಸ್ಥ ಶಿಕ್ಷಕ ಇನ್ನೊಂದು ಶಾಲೆ ಸೇರಿಕೊಳ್ಳುತ್ತಾನೆ, ನಿರಪರಾಧಿ ಜೀವಮಾನವೆಲ್ಲ ಗುಸುಗುಸುವಿಗೆ ಗುರಿಯಾಗುತ್ತಾನೆ. ಪಾಲಕರ ಸಭೆಗಳಲ್ಲಿ ಕೂರುವ ನಾವು ಶಿಕ್ಷಕರನ್ನು ತೆಗೆಯಿರಿ ಎನ್ನುವ ಮೊದಲು, ಅವರ ಮಾತು ಕೇಳಿದಿರಾ ಎಂದು ಕೇಳುವುದನ್ನು ರೂಢಿಸಿಕೊಳ್ಳೋಣ.