ಫ್ಯಾಂಟಮ್ ಅಂಗಿಯ ಬಣ್ಣ ಯಾವುದು?

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರನ್ನು ಫ್ಯಾಂಟಮ್ ಉಡುಪಿನ ಬಣ್ಣ ಯಾವುದೆಂದು ಕೇಳಿ ನೋಡಿ. ಒಬ್ಬರು ನೀಲಿ ಎಂದರೆ ಇನ್ನೊಬ್ಬರು ನೇರಳೆ ಎಂದಾರು. ಆದರೆ ಕರ್ತೃ ಲೀ ಫಾಕ್ ಮನಸ್ಸಿನಲ್ಲಿದ್ದುದು ಬೂದು! ನಾಯಕನಿಗೆ ‘ಗ್ರೇ ಘೋಸ್ಟ್’, ಅಂದರೆ ಬೂದು ಭೂತ ಎಂದೇ ಹೆಸರಿಡಲು ಅವರು ಯೋಚಿಸಿದ್ದುಂಟು. 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಆರಂಭವಾದ ಈ ಚಿತ್ರಕಥೆ ಕಪ್ಪು-ಬಿಳುಪಿನದಾದ್ದರಿಂದ ಬಣ್ಣದ ಪ್ರಶ್ನೆ ಏಳಲಿಲ್ಲ. 1939ರಲ್ಲಿ ಭಾನುವಾರದ ವರ್ಣಪುಟ ಬಂದಾಗ ಉಡುಪು ನೇರಳೆಯಾಗಿ ಅಚ್ಚಾಯಿತು, ಅದೇ ಉಳಿಯಿತು. ಸ್ವೀಡನ್ನಿನಲ್ಲಿ ಆತ ನೀಲಿ, ಇಟಲಿಯಲ್ಲಿ ಕೆಂಪು. ಕಾಡಿನಲ್ಲಿ ಅಡಗಿರಬೇಕಾದವನಿಗೆ ಕೆಂಪಂಗಿ!

ಮುಖಪುಟದ ಕಥೆ ಇನ್ನೂ ಸ್ವಾರಸ್ಯಕರ. ಪತ್ರಿಕೆಯಲ್ಲಿ ದಿನಕ್ಕೊಂದು ಸಾಲಿನಂತೆ ಬರುವ ಚಿತ್ರಕಥೆಗೆ ಮುಖಪುಟ ಎಲ್ಲಿಯದು? 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಮುಂಬಯಿಯಿಂದ ಇಂದ್ರಜಾಲ ಹೊರತಂದಾಗ ಅದನ್ನು ಹೊಸದಾಗಿಯೇ ಬರೆಸಬೇಕಾಯಿತು. ಆರಂಭದ ಅನೇಕ ಮುಖಪುಟಗಳು ಕಲಾವಿದ ಬಿ. ಗೋವಿಂದ್ ಅವರವು. ಒಳಪುಟಗಳಲ್ಲಿ ಗೆರೆಗಳ ನಡುವೆ ತುಂಬಿದ ಸಪಾಟು ಬಣ್ಣ. ಹೊರಗೆ ಕುಂಚದಲ್ಲಿ ಮೂಡಿದ ನೆರಳು-ಬೆಳಕಿನ ಮೈಕಟ್ಟು. ಕನ್ನಡದ ಹುಡುಗರನ್ನು ಪುಸ್ತಕದ ಅಂಗಡಿಯೆದುರು ನಿಲ್ಲಿಸಿದ ‘ಅಮೆರಿಕದ ವೀರ’ನಲ್ಲಿ ಅರ್ಧ ಭಾಗ ಹೀಗೆ ಭಾರತೀಯನೇ. ಲೀ ಫಾಕ್ ಹೆಸರು ಬಲ್ಲವರಲ್ಲಿ ಗೋವಿಂದರನ್ನು ಬಲ್ಲವರು ವಿರಳ. ಇಂದ್ರಜಾಲ 1990ರಲ್ಲಿ ನಿಂತುಹೋಯಿತು.